ತಲೆಯಾಡಿಸುವಾಗಲೆಲ್ಲ ಸ್ಥಗಿತಗೊಳ್ಳುತ್ತಿದ್ದ ರೋಬೋಟ್

ನೀರು ಕುಡಿಯಲು, ಕುರ್ಚಿಯಿಂದ ಎದ್ದು ನಡೆಯಲು ನೆನಪಿಸುವ ನನ್ನ ಅಗ್ಗದ ಮೇಜಿನ ರೋಬೋಟ್, ತಲೆಯಾಡಿಸಲು ಹೊರಟೊಡನೆ ಸ್ಥಗಿತಗೊಂಡು ಮೊದಲಿನಿಂದ ಆರಂಭವಾಗುತ್ತಿತ್ತು. ಪ್ರೋಗ್ರಾಮಿನಲ್ಲಿ ದೋಷವಿರಲಿಲ್ಲ; ರೋಬೋಟನ್ನು ನಿಯಂತ್ರಿಸುವ ಇಎಸ್‌ಪಿ32 ಬೋರ್ಡ್ ಮತ್ತು ತಲೆಯನ್ನು ತಿರುಗಿಸುವ ಎಸ್‌ಜಿ90 ಸರ್ವೋ ಮೋಟಾರ್ ಎರಡೂ ಒಂದೇ ಯುಎಸ್‌ಬಿ 2.0 ಪೋರ್ಟ್‌ನಿಂದ ವಿದ್ಯುತ್ ಪಡೆಯುತ್ತಿದ್ದವು. ಅದರ ಪ್ರಮಾಣಿತ ಮಿತಿ 500 ಮಿಲಿಆಂಪಿಯರ್. ಚಲನೆ ಆರಂಭವಾಗುವ ಕ್ಷಣದಲ್ಲಿ ಮೋಟಾರ್ ಒಂದೇ ಅಷ್ಟನ್ನು ಎಳೆಯಬಲ್ಲದಾದ್ದರಿಂದ ವೋಲ್ಟೇಜ್ ಕುಸಿದು, ಬೋರ್ಡಿನ ರಕ್ಷಣಾ ವ್ಯವಸ್ಥೆಯೇ ಅದನ್ನು ರೀಸೆಟ್ ಮಾಡುತ್ತಿತ್ತು. ಆ ರಕ್ಷಣೆಯನ್ನೇ ನಿಷ್ಕ್ರಿಯಗೊಳಿಸುವ ಸುಲಭೋಪಾಯ ನನಗೆ ಒಪ್ಪಿಗೆಯಾಗಲಿಲ್ಲ.

ಮೋಟಾರಿಗೆ ಪ್ರತ್ಯೇಕ 5 ವೋಲ್ಟ್ ಪೂರೈಕೆ ಕೊಟ್ಟು, ಬೋರ್ಡ್ ಮತ್ತು ಮೋಟಾರ್ ಎರಡರ ಗ್ರೌಂಡ್ (ಋಣ) ತಂತಿಗಳನ್ನು ಜೋಡಿಸಿ, ಮೋಟಾರಿನ ಸಮೀಪ ವಿದ್ಯುತ್ತನ್ನು ಸಂಗ್ರಹಿಸಿಟ್ಟು ಬೇಕಾದ ಕ್ಷಣದಲ್ಲಿ ಕೊಡುವ 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು (ಧನ, ಋಣ ತುದಿಗಳನ್ನು ಗಮನಿಸಿ) ಇರಿಸಿದ ಮೇಲೆ ತೊಂದರೆ ನಿಂತಿತು. ತಲೆಯನ್ನು ಸಣ್ಣ ಸಣ್ಣ ಕೋನಗಳಲ್ಲಿ ತಿರುಗಿಸತೊಡಗಿದ ಮೇಲೆ ಹೊರೆ ಇಳಿದುದಲ್ಲದೆ, ಆ ಚಲನೆ ಗದರಿಕೆಯಂತಿರದೆ ಸೌಮ್ಯವಾಗಿಯೂ ಕಾಣತೊಡಗಿತು.