ಓಮ್ನಿ ಬಿಚ್ಚಿ ಕಿಟ್ ಕಾರ್ ಕಟ್ಟಿದ್ದು: ಹೊಸಬರಿಗೆ ನನ್ನ ಅನುಭವ

ಕಿಟ್ ಕಾರ್ ಅಂದರೆ ಬಿಡಿ ಭಾಗಗಳಿಂದ ನಾವೇ ಜೋಡಿಸಿಕೊಳ್ಳುವ ಕಾರು. ಅದನ್ನು ಕಟ್ಟಬೇಕು ಅಂತ ನನ್ನ ಶೆಡ್ಡಿಗೆ ಬರುವ ಹುಡುಗರು ಮೊದಲು ಮಾತಾಡುವುದು ಬಾಡಿ ಬಗ್ಗೆ. ಯಾವ ಡಿಸೈನ್, ಯಾವ ಬಣ್ಣ, ಯಾವ ಅಲಾಯ್ ವೀಲ್. ನಾನು ಚಹಾ ತರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. ಡೋನರ್ ಗಾಡಿ, ಅಂದರೆ ಭಾಗಗಳಿಗಾಗಿ ಬಿಚ್ಚುವ ಹಳೆಯ ಗಾಡಿ, ಯಾವುದು, ಅದು ಈಗ ಓಡುತ್ತದಾ? ಹೊಸಬರ ಕಾರು ಮುಗಿಯುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಇದನ್ನು ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆಯ ಒಂದು ಚಿಕ್ಕ ಶೆಡ್ಡಿನಲ್ಲಿ, ಹಳೆಯ ಮಾರುತಿ ಓಮ್ನಿಯಿಂದ ಎರಡು ಸೀಟಿನ ತೆರೆದ ಕಾರು ಕಟ್ಟುತ್ತಾ ಕಲಿತೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನಲ್ಲಿ 1957ರಲ್ಲಿ ಲೋಟಸ್ ಸೆವೆನ್ ಅನ್ನುವ ಪುಟ್ಟ ಕಾರು ಬಂತು. ಅದನ್ನು ಬಿಡಿ ಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆಗಿನ ಪರ್ಚೇಸ್ ಟ್ಯಾಕ್ಸ್ ಕಟ್ಟಬೇಕಿರಲಿಲ್ಲ. 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಲಾಭ ಹೋಯಿತು, ಆದರೆ ಕಟ್ಟುವ ಚಟ ಹೋಗಲಿಲ್ಲ. ಹಳೆಯ ಫೋರ್ಡ್ ಎಸ್ಕಾರ್ಟ್ ಬಿಚ್ಚಿ ಅದರ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ (ಚಕ್ರಗಳ ಅಚ್ಚು) ಬಳಸುವುದು ಅಲ್ಲಿ ರೂಢಿಯಾಯಿತು. ಅಮೆರಿಕದಲ್ಲಿ 1960ರ ದಶಕದಲ್ಲಿ ಬ್ರೂಸ್ ಮೇಯರ್ಸ್ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳವನ್ನು ಕಡಿದು ಗಿಡ್ಡ ಮಾಡಿ, ಮೇಲೆ ಫೈಬರ್ ಬಾಡಿ ಕೂರಿಸಿ ಬೀಚ್ ಬಗ್ಗಿ ಮಾಡಿದರು. ನಮ್ಮಲ್ಲಿ ಹಾಗೆ ಅಂಗಡಿಗೆ ಹೋಗಿ ಕಿಟ್ ತರುವುದು ಕಷ್ಟ. ಚಾಸಿ, ಅಂದರೆ ಎಲ್ಲವನ್ನೂ ಹೊರುವ ಕಬ್ಬಿಣದ ಚೌಕಟ್ಟು, ನಾವೇ ಮಾಡಿಕೊಳ್ಳಬೇಕು, ಹಾಗಾಗಿ ಡೋನರ್ ಗಾಡಿಯ ಮೇಲಿನ ಭಾರ ಇನ್ನೂ ಜಾಸ್ತಿ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ದುಡ್ಡು ಹಾಕಬಾರದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ನಂತರ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಓಮ್ನಿಯ ಆರ್‌ಸಿ ಇಟ್ಟುಕೊಂಡು, ಅದರ ಕೆಎ-25 ಅಥವಾ ಕೆಎ-63 ನಂಬರ್ ಪ್ಲೇಟನ್ನು ಹೊಸ ಕಾರಿಗೆ ಹಾಕಿ ಓಡಿಸೋಣ ಅನ್ನುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ನಾನು ಕಟ್ಟಿದ್ದು ರಸ್ತೆಗಲ್ಲ, ಖಾಸಗಿ ಜಾಗದಲ್ಲಿ ಓಡಿಸಲು. ಕಲಘಟಗಿ ಕಡೆ ನಮ್ಮ ಮಾವನವರ ಮೊರಂ (ಗಟ್ಟಿ ಗರಸು ಮಣ್ಣಿನ) ನೆಲ ಇದೆ, ಬೇಲಿ ಹಾಕಿದ್ದು. ಅಲ್ಲಿಗೆ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತೇನೆ.

ಡೋನರ್ ಗಾಡಿ ಕೊಳ್ಳುವಾಗ ಆರ್‌ಸಿ ನೋಡಿ, ಸಾಲ ಬಾಕಿ ಇದೆಯಾ ನೋಡಿ, ಹೆಸರಿಗೆ ಮಾಡಿಸಿಕೊಳ್ಳಿ. ಆಮೇಲೆ ಬಿಚ್ಚಿದಾಗ ಆರ್‌ಟಿಓಗೆ ತಿಳಿಸಿ ರಿಜಿಸ್ಟ್ರೇಷನ್ ರದ್ದು ಮಾಡಿಸಿ. ಗಾಡಿ ಇನ್ನು ಬಳಸಲು ಬಾರದಂತಾದರೆ ಮಾಲೀಕ 14 ದಿನದೊಳಗೆ ತಿಳಿಸಬೇಕು ಅಂತ ಸೆಕ್ಷನ್ 55 ಹೇಳುತ್ತದೆ. ಇಂಜಿನ್ ನಂಬರ್ ಎಲ್ಲೋ ತಿರುಗಿ ನಾಳೆ ಪೊಲೀಸ್ ಕೇಸಿನಲ್ಲಿ ಬಂದರೆ ಈ ಕಾಗದವೇ ನಿಮ್ಮ ಆಸರೆ. ದಾಖಲೆ ಇಲ್ಲದ ಗಾಡಿ ಅಗ್ಗಕ್ಕೆ ಬಂದರೂ ಬೇಡ ಅನ್ನಿ.

ಯಾಕೆ ಓಮ್ನಿ? ಅದರ 796 ಸಿಸಿ, ಮೂರು ಸಿಲಿಂಡರ್ ಇಂಜಿನ್ ಉದ್ದಕ್ಕೆ ಕೂತಿದೆ, ಹಿಂದೆ ಗೇರ್‌ಬಾಕ್ಸ್, ಅದರ ಹಿಂದೆ ತಿರುಗುವ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ಸೀಟಿನ ಕೆಳಗೆ ಹಿಡಿಸಲು ಇಂಜಿನನ್ನು ವಾಲಿಸಿ ಕೂರಿಸಿದ್ದಾರೆ, ಹಾಗಾಗಿ ಎತ್ತರ ಕಡಿಮೆ. ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಎಳೆತ. ಎರಡು ಸೀಟಿನ ಕಾರಿಗೆ ಬೇಕಾದ ಸಾಲು ಅದರಲ್ಲಿ ಸಿದ್ಧವಾಗೇ ಇದೆ. ಪವರ್ ಸುಮಾರು 35 ಬಿಎಚ್‌ಪಿ. ಕಡಿಮೆ ಅನಿಸಬಹುದು. ಆದರೆ ಕಾರೇ ಹಗುರವಾದಾಗ ಅದು ಚೆನ್ನಾಗಿ ಓಡುತ್ತದೆ, ಮತ್ತು ಮೊದಲ ಚಾಸಿಗೆ ಅಷ್ಟೇ ಸಾಕು. ಬಿಡಿ ಭಾಗ ಹುಬ್ಬಳ್ಳಿಯಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ.

ಮಾರುತಿ 800 ಕೂಡ ಇದೇ ಇಂಜಿನ್, ಆದರೆ ಅಡ್ಡಕ್ಕೆ ಕೂತು ಮುಂದಿನ ಚಕ್ರ ಎಳೆಯುತ್ತದೆ. ಅದನ್ನು ಹಾಗೇ ಎತ್ತಿ ಸೀಟಿನ ಹಿಂದೆ ಕೂರಿಸುವವರಿದ್ದಾರೆ. ಆಗ ಗೇರ್ ರಾಡ್, ಕೂಲಿಂಗ್ ಪೈಪು, ಹಿಂದಿನ ಚಕ್ರ ಎಡಬಲಕ್ಕೆ ಹೊರಳದಂತೆ ಹಿಡಿಯುವ ರಾಡು, ಎಲ್ಲವೂ ಹೊಸ ಕೆಲಸ. ಎರಡನೇ ಕಾರಿಗೆ ಅದನ್ನು ಇಟ್ಟುಕೊಳ್ಳಿ. ಹಳೆಯ ಪ್ರೀಮಿಯರ್ ಪದ್ಮಿನಿ ಕಾರನ್ನು ಮಾತ್ರ ದಯವಿಟ್ಟು ಕಡಿಯಬೇಡಿ. ಓಡುವ ಪದ್ಮಿನಿ ಉಳಿದಿರುವುದೇ ಕಡಿಮೆ, ಅದನ್ನು ಹಾಗೇ ಉಳಿಸಿಕೊಳ್ಳುವವರಿಗೆ ಕೊಡಿ.

ತಳ, ಬಾಗಿಲು ತುಕ್ಕು ಹಿಡಿದು ತೂತಾಗಿರುವ, ಆದರೆ ಇಂಜಿನ್ ಗಟ್ಟಿ ಇರುವ ಓಮ್ನಿ ಹುಡುಕಿ. ನಿಮಗೆ ಬಾಡಿ ಬೇಕಿಲ್ಲ ಅಲ್ವಾ? ಹಾಗಾಗಿ ಅದೇ ಲಾಭದ ಗಾಡಿ. ಹೊಸಬರಿಗೆ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಹಳೆಯ ಮಾಡೆಲ್ ಒಳ್ಳೆಯದು, ವೈರಿಂಗ್ ಸರಳ. ಗ್ಯಾಸ್ ಕಿಟ್ ಇದ್ದ ಗಾಡಿಯಾದರೆ ಸಿಲಿಂಡರ್ ಮುಟ್ಟಬೇಡಿ, ಗ್ಯಾಸ್ ಕಿಟ್ ಕೆಲಸದವರಿಂದಲೇ ತೆಗೆಸಿ.

ತಂದ ಕೂಡಲೇ ಬಿಚ್ಚಲು ಕೂರಬೇಡಿ. ಹೆಸರಿಗೆ ಆದ ಮೇಲೆ ಕೆಲವು ವಾರ ಅದನ್ನೇ ಓಡಿಸಿ. ನಾನು ನನ್ನ ಓಮ್ನಿಯನ್ನು ಹುಬ್ಬಳ್ಳಿ, ಧಾರವಾಡದ ನಡುವೆ ದಿನದ ಕೆಲಸಕ್ಕೇ ಬಳಸಿದೆ. ಬೆಳಿಗ್ಗೆ ಎಷ್ಟು ಬೇಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ನೀಲಿ ಹೊಗೆ ಬರುತ್ತದಾ, ಎರಡನೇ ಗೇರ್ ಕಿರುಗುಟ್ಟುತ್ತದಾ, ಆಕ್ಸಲರೇಟರ್ ಬಿಟ್ಟಾಗ ಹಿಂದಿನ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಊಳಿಡುತ್ತದಾ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಓಡುವ ಗಾಡಿಯಲ್ಲಿ ಕಂಡ ದೋಷಕ್ಕೆ ಕಾರಣ ಬೇಗ ಸಿಗುತ್ತದೆ. ಅದೇ ದೋಷ ಹೊಸ ಚಾಸಿಯಲ್ಲಿ ಕಂಡರೆ ಅದು ಇಂಜಿನಿನದ್ದೋ, ನಿಮ್ಮ ವೈರಿಂಗಿನದ್ದೋ, ಪೆಟ್ರೋಲ್ ಪೈಪಿನದ್ದೋ ಅಂತ ತಿಂಗಳುಗಟ್ಟಲೆ ಹುಡುಕಬೇಕು. ಅರ್ಧಕ್ಕೆ ನಿಂತ ಕಿಟ್ ಕಾರುಗಳಲ್ಲಿ ನಾನು ನೋಡಿದ್ದು ಇದನ್ನೇ. ಗುಜರಿಯಿಂದ ಒಂದು ಗಾಡಿಯ ಇಂಜಿನ್, ಇನ್ನೊಂದರ ಗೇರ್‌ಬಾಕ್ಸ್, ಮತ್ತೊಂದರ ಆಕ್ಸಲ್ ತಂದಿರುತ್ತಾರೆ. ಒಂದಕ್ಕೊಂದು ಸೇರಿಸುವುದರಲ್ಲೇ ದುಡ್ಡು, ಹುಮ್ಮಸ್ಸು ಎರಡೂ ಖಾಲಿ.

ಇನ್ನು ಅಳತೆ. ಇದನ್ನು ನನಗೆ ಕಲಿಸಿದವರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆದ ಒಬ್ಬ ವೆಲ್ಡರ್ ಕಾಕಾ. ನಾನು ಪಾನಾ ಹಿಡಿದು ನಿಂತಾಗ ಅವರು ಟೇಪು ಕೈಗೆ ಕೊಟ್ಟರು. "ತಮ್ಮಾ, ಬಿಚ್ಚೋದು ಯಾವಾಗ ಬೇಕಾದ್ರೂ ಆಕ್ಕೈತಿ. ಬಿಚ್ಚಿದ ಮ್ಯಾಲ ಅಳತಿ ಎಲ್ಲಿಂದ ತರ್ತಿ?" ಅಂದರು. ಗಾಡಿಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ತೂಗುಗುಂಡು ಇಳಿಬಿಟ್ಟು, ಸಸ್ಪೆನ್ಷನ್ (ಚಕ್ರದ ಕುಲುಕು ತಡೆಯುವ ಭಾಗಗಳು) ಹಿಡಿಯುವ ಒಂದೊಂದು ಬೋಲ್ಟಿನ ಜಾಗವನ್ನೂ ನೆಲಕ್ಕೆ ಸುಣ್ಣದ ಗುರುತು ಮಾಡಿದೆವು. ಎತ್ತರ ಬೇರೆ ಬರೆದುಕೊಂಡೆವು. ಮುಂದಿನ ಕೆಳಗಿನ ಆರ್ಮ್ (ಚಕ್ರ ಹಿಡಿಯುವ ತೋಳು) ತಿರುಗುವ ಬಿಂದು, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲ್ತುದಿ, ಚಕ್ರ ಹೊರಳಿಸುವ ಸ್ಟೀರಿಂಗ್ ರ‍್ಯಾಕ್, ಈ ಮೂರರ ನಡುವಿನ ಅಳತೆ ಹೊಸ ಚಾಸಿಯಲ್ಲೂ ಹಾಗೇ ಬರಬೇಕು. ರ‍್ಯಾಕ್ ಸ್ವಲ್ಪ ಮೇಲೆ ಕೆಳಗೆ ಆದರೂ ಗುಂಡಿಗೆ ಚಕ್ರ ಇಳಿದಾಗ ಸ್ಟೀರಿಂಗ್ ತಾನಾಗೇ ಒಂದು ಕಡೆ ಎಳೆಯುತ್ತದೆ. ಕಂಪನಿಯ ಇಂಜಿನಿಯರುಗಳು ಲೆಕ್ಕ ಹಾಕಿ ಇಟ್ಟ ಜಾಗ ಅದು. ಅದನ್ನು ಹಾಗೇ ನಕಲು ಮಾಡುವುದೇ ಹೊಸಬರಿಗೆ ಸುರಕ್ಷಿತ.

ಇದಕ್ಕೆ ಒಂದು ಬೆಲೆ ಇದೆ. ಓಮ್ನಿಯ ಮುಂದಿನ ಸ್ಟ್ರಟ್ ಎತ್ತರ. ಅದನ್ನು ಉಳಿಸಿಕೊಂಡರೆ ಕಾರಿನ ಮೂತಿ ಲೋಟಸ್ ಸೆವೆನ್ ತರಹ ತಗ್ಗಾಗಿ ಬರುವುದಿಲ್ಲ. ವಿಶ್‌ಬೋನ್ (ಸ್ಟ್ರಟ್ ಬದಲು ಮೇಲೆ, ಕೆಳಗೆ ಎರಡು ಕವಲು ತೋಳು) ಮಾಡಿಸಿ ತಗ್ಗಿಸು ಅಂತ ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. ನನ್ನ ಕಾರಿನ ಮಡ್‌ಗಾರ್ಡ್ ಉಬ್ಬಿಕೊಂಡಿವೆ, ನೋಡಲು ಬಗ್ಗಿ ತರಹ ಇದೆ. ಆದರೆ ಕೈ ಬಿಟ್ಟರೂ ನೆಟ್ಟಗೆ ಓಡುತ್ತದೆ. ನನಗೆ ಅದು ಮುಖ್ಯ.

ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ವೈರಿಂಗ್ ಹಾರ್ನೆಸ್ಸನ್ನು (ಗಾಡಿಯ ವೈರುಗಳ ಕಟ್ಟು) ಎಲ್ಲೂ ಕತ್ತರಿಸದೆ ಇಡಿಯಾಗಿ ಹೊರತೆಗೆಯಿರಿ. ಪ್ರತಿ ತುದಿಗೂ ಟೇಪು ಸುತ್ತಿ ಹೆಸರು ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೋಲ್ಟುಗಳನ್ನು ಒಂದೊಂದು ಭಾಗಕ್ಕೆ ಒಂದೊಂದು ಡಬ್ಬಿಯಲ್ಲಿ ಹಾಕಿ. ಪೆಟ್ರೋಲ್ ಟ್ಯಾಂಕನ್ನು ಶೆಡ್ಡಿನಿಂದಲೇ ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿಗೆ ವೆಲ್ಡಿಂಗ್ ಕಿಡಿ ಸಾಕು, ತುಂಬಿದ ಟ್ಯಾಂಕಿಗಿಂತ ಅದೇ ಹೆಚ್ಚು ಅಪಾಯ.

ಚಾಸಿಗೆ ನಾನು ಬಳಸಿದ್ದು 25 ಮಿಲಿಮೀಟರ್ ಚೌಕದ ಎಂಎಸ್ (ಸಾದಾ ಉಕ್ಕಿನ) ಪೈಪು, ದಪ್ಪ 1.6 ಮಿಲಿಮೀಟರ್. ಇಂಥ ಹಗುರ ಕಾರಿಗೆ ಹೊರದೇಶಗಳಲ್ಲೂ ಇದೇ ಅಳತೆ ರೂಢಿಯಲ್ಲಿದೆ. ದಪ್ಪ ಪೈಪು ಹಾಕಿದರೆ ಗಟ್ಟಿ ಅಂತ ತಿಳಿಯಬೇಡಿ. ಗಟ್ಟಿತನ ಬರುವುದು ಓರೆ ಪೈಪಿನಿಂದ. ಬರೀ ಚೌಕಗಳ ಚಾಸಿ ಕೀಲು ಸಡಿಲಾದ ಹೊರಸಿನ ಹಾಗೆ ಓಲಾಡುತ್ತದೆ. ಪ್ರತಿ ಚೌಕವನ್ನೂ ಓರೆ ಪೈಪಿನಿಂದ ಎರಡು ತ್ರಿಕೋನ ಮಾಡಿದರೆ ಅಲ್ಲಾಡುವುದಿಲ್ಲ. ಜಿಐ ಪೈಪು ಬೇಡ, ಅದರ ಮೇಲಿನ ಸತು ವೆಲ್ಡಿಂಗಿನಲ್ಲಿ ಸುಟ್ಟು ಬರುವ ಹೊಗೆ ಚಳಿಜ್ವರ ತರುತ್ತದೆ.

ಪೈಪು ಕಡಿದು, ದಪ್ಪ ಪ್ಲೈವುಡ್ ಹಲಗೆಯ ಮೇಲೆ ಜೋಡಿಸಿ, ಎಲ್ಲಾ ಕೂಡುಗಳಿಗೆ ಬರೀ ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್) ಹಾಕಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಒಂದೇ ಬಂದರೆ ಚಾಸಿ ನೆಟ್ಟಗಿದೆ. ಇಂಜಿನ್, ಆಕ್ಸಲ್, ಸೀಟು, ಪೆಡಲ್ ಎಲ್ಲವನ್ನೂ ಒಮ್ಮೆ ಕೂರಿಸಿ ನೋಡಿದ ಮೇಲೆ ಪೂರ್ತಿ ವೆಲ್ಡ್. ಇಷ್ಟು ತೆಳು ಪೈಪಿಗೆ ಕಡ್ಡಿ ವೆಲ್ಡಿಂಗಿನಲ್ಲಿ ತೂತು ಬೀಳುವುದು ಜಾಸ್ತಿ, ಸಿಓಟೂ ವೆಲ್ಡಿಂಗ್ (ಗ್ಯಾಸ್ ಬಿಡುತ್ತಾ ತಂತಿಯಿಂದ ಮಾಡುವ ವೆಲ್ಡಿಂಗ್) ಬೇಕು. ಮನೆಯ ಸಿಂಗಲ್ ಫೇಸ್ ಲೈನಿನಲ್ಲಿ ದೊಡ್ಡ ಮಷಿನ್ ನಡೆಸಲಾಗದು. ನಾನು ಟ್ಯಾಕ್ ಹಾಕಿದ ಚಾಸಿಯನ್ನು ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪಿಗೆ ಒಯ್ದು ಮಾಡಿಸಿದೆ. ಕಾವಿಗೆ ಚಾಸಿ ಒಂದೇ ಕಡೆ ಎಳೆದುಕೊಂಡು ಹೋಗದಂತೆ ಎಡಕ್ಕೊಂದು, ಬಲಕ್ಕೊಂದು ಕೂಡು ವೆಲ್ಡ್ ಮಾಡಿದರು, ಕಾಕಾ ಪಕ್ಕದಲ್ಲೇ ನಿಂತಿದ್ದರು. ಮಹಾನವಮಿಯ ಖಂಡೇ ಪೂಜೆ ಹೊತ್ತಿಗೆ ಎಸ್ಟೇಟಿನಲ್ಲಿ ಕೆಲಸ ನಿಲ್ಲುತ್ತದೆ, ಅದಕ್ಕೆ ಮೊದಲೇ ಕೊಡಿ. ಮಳೆಗಾಲದಲ್ಲಿ ಬರೀ ಎಂಎಸ್ ಪೈಪು ಒಂದು ರಾತ್ರಿ ಇಟ್ಟರೂ ಕೆಂಪಾಗುತ್ತದೆ. ವೆಲ್ಡ್ ಆದ ದಿನವೇ ರೆಡ್ ಆಕ್ಸೈಡ್ ಬಳಿಯಿರಿ.

ಪ್ರೊಪೆಲ್ಲರ್ ಶಾಫ್ಟ್ ನಿಮ್ಮ ಚಾಸಿಯ ಉದ್ದಕ್ಕೆ ತಕ್ಕಂತೆ ಗಿಡ್ಡ ಮಾಡಬೇಕಾಗಬಹುದು. ಇದು ಲೇತ್ ಕೆಲಸ ಬಲ್ಲವರ ಕೈಯಲ್ಲೇ ಆಗಲಿ, ಆಮೇಲೆ ಬ್ಯಾಲೆನ್ಸ್ ಮಾಡಿಸಿ. ಎರಡೂ ತುದಿಯ ಕ್ರಾಸ್ (ಶಾಫ್ಟ್ ಬಾಗಿಯೂ ತಿರುಗಲು ಬಿಡುವ ಕೀಲು) ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿರಬೇಕು. ಸ್ವಲ್ಪ ತಿರುಚಿ ವೆಲ್ಡ್ ಆದರೂ ಇಡೀ ಕಾರು ನಡುಗುತ್ತದೆ. ಶಾಫ್ಟಿನ ಮುಂದಿನ ಭಾಗದ ಸುತ್ತ ಒಂದು ಗಟ್ಟಿ ಕಬ್ಬಿಣದ ಬಳೆ ಹಾಕಿ. ಕ್ರಾಸ್ ಮುರಿದರೆ ಶಾಫ್ಟ್ ನಿಮ್ಮ ಕಾಲಿನ ಪಕ್ಕವೇ ತಿರುಗುತ್ತಿರುತ್ತದೆ, ನೆನಪಿರಲಿ.

ಕ್ಲಚ್, ಆಕ್ಸಲರೇಟರ್ ಕೇಬಲ್‌ಗಳನ್ನು ಹೊಸ ಉದ್ದಕ್ಕೆ ಮಾಡಿಸಿಕೊಳ್ಳಿ. ರೇಡಿಯೇಟರ್ ಪೈಪಿನಲ್ಲಿ ಗಾಳಿ ನಿಲ್ಲದಂತೆ ನೀರು ತುಂಬುವ ಬಾಯಿ ಎಲ್ಲಕ್ಕಿಂತ ಮೇಲಿರಲಿ. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟ್ ಬೋಲ್ಟುಗಳೆಲ್ಲ ತಲೆಯ ಮೇಲೆ 8.8 (ಬಲದ ದರ್ಜೆ) ಅಂತ ಒತ್ತಿರುವವೇ ಆಗಬೇಕು. ಗುರುತಿಲ್ಲದ ಬೋಲ್ಟ್ ಭಾರ ಬೀಳದ ಜಾಗಕ್ಕೆ ಮಾತ್ರ ಸಾಕು. ಒಳಗೆ ನೈಲಾನ್ ಬಳೆ ಇರುವ ನಟ್ ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬೇಡಿ.

ಬ್ರೇಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಓಮ್ನಿಯ ಬ್ರೇಕು, ಹಿಂದಿನ ಲೀಫ್ ಸ್ಪ್ರಿಂಗ್ ಎಲ್ಲವೂ ತುಂಬಾ ಜನ ಕೂರುವ, ಸಾಮಾನು ಹೇರುವ ಗಾಡಿಗೆ ಮಾಡಿದ್ದು. ನಿಮ್ಮ ಕಾರಿನ ಹಿಂಭಾಗ ಅದಕ್ಕಿಂತ ತುಂಬಾ ಹಗುರ. ಸ್ಪ್ರಿಂಗಿನ ಒಂದೆರಡು ಪಟ್ಟಿ ತೆಗೆಯದಿದ್ದರೆ ಹಿಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲೇ ಲಾಕ್ ಆಗಿ ಕಾರು ಗಿರಕಿ ಹೊಡೆಯಬಹುದು. ಯಾವಾಗಲೂ ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ನಾನು ಹಿಂದಿನ ಬ್ರೇಕ್ ಲೈನಿಗೆ ಪ್ರೆಷರ್ ಕಡಿಮೆ ಮಾಡುವ ವಾಲ್ವ್ ಹಾಕಿಸಿದೆ. ಖಾಲಿ ಮೊರಂ ನೆಲದಲ್ಲಿ ನಿಧಾನ ವೇಗದಿಂದ ಶುರು ಮಾಡಿದೆ, ಪಕ್ಕದಲ್ಲಿ ನಿಂತ ನನ್ನ ತಮ್ಮ ಯಾವ ಚಕ್ರ ಮೊದಲು ಉಜ್ಜಿತು ಅಂತ ಗುರುತು ನೋಡಿ ಹೇಳುತ್ತಿದ್ದ. ಅದನ್ನು ನೋಡಿ ನೋಡಿ ವಾಲ್ವ್ ತಿರುಗಿಸಿದೆವು. ರೋಲ್ ಬಾರ್, ಸೀಟ್ ಬೆಲ್ಟ್, ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಈ ಪರೀಕ್ಷೆಗೆ ಇಳಿಯಬೇಡಿ.

ಪ್ರತಿ ಬೋಲ್ಟ್ ಬಿಗಿ ಮಾಡಿದ ಮೇಲೆ ನಟ್ಟಿನಿಂದ ಚಾಸಿಯವರೆಗೆ ಬಿಳಿ ಪೇಂಟಿನ ಒಂದು ಸಣ್ಣ ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಟಾರ್ಚ್ ಹಿಡಿದು ಕೆಳಗೆ ಇಣುಕಿದರೆ ಸಾಕು, ಗೆರೆ ಮುರಿದಿದ್ದರೆ ಆ ನಟ್ ಸಡಿಲಾಗಿದೆ. ಮೊದಲ ಕೆಲವು ಓಟಗಳಲ್ಲಿ ಆಕ್ಸಲ್‌ನ ಯು ಬೋಲ್ಟ್ ಮತ್ತು ಇಂಜಿನ್ ಮೌಂಟಿನ ಗೆರೆಗಳನ್ನೇ ಮೊದಲು ನೋಡಿ.