ಹವಳದ ತೊಟ್ಟಿಗೆ ಪಾಚಿ ಹಿಡಿದಾಗ

ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಬೆಳೆಸುವವರು ಕಲ್ಲಿನ ಮೇಲೆ ಹಸಿರು ಕಂಡೊಡನೆ ಪಾಚಿನಾಶಕದ ಬಾಟಲಿಗೆ ಕೈ ಹಾಕಬಾರದು. ಔಷಧಿಯಿಂದ ಸತ್ತ ಪಾಚಿಯನ್ನು ತೊಟ್ಟಿಯಲ್ಲೇ ಕೊಳೆಯಲು ಬಿಟ್ಟರೆ, ಅದು ಹೀರಿಟ್ಟುಕೊಂಡಿದ್ದ ನೈಟ್ರೇಟ್ ಮತ್ತು ಫಾಸ್ಫೇಟ್ ಪುನಃ ನೀರಿಗೆ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಮೊದಲು ಬಂದಿರುವುದು ಏನೆಂದು ಗುರುತಿಸಿ. ಹೊಸ ತೊಟ್ಟಿಯ ಮರಳಿನ ಮೇಲೆ ಕೂರುವ ಕಂದು ಪುಡಿ ಸಾಮಾನ್ಯವಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ನೀರಿನ ಸಿಲಿಕೇಟ್ ಮುಗಿದಂತೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಕೆಂಪು ಅಥವಾ ನೇರಳೆ ಬಣ್ಣದ, ಹಾಳೆಯಂತೆ ಎದ್ದುಬರುವ ಪೊರೆ ಪಾಚಿಯೇ ಅಲ್ಲ, ಸಯಾನೊಬ್ಯಾಕ್ಟೀರಿಯಾ ಎಂಬ ಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಎಳೆದು ತೆಗೆದು, ನೀರು ನಿಂತಂತಿರುವ ಮೂಲೆಗಳತ್ತ ಪಂಪನ್ನು ತಿರುಗಿಸಬೇಕು. ಹಗಲೇರಿದಂತೆ ಗಾಳಿಗುಳ್ಳೆ ಹಿಡಿದು ಎಳೆಎಳೆಯಾಗಿ ತೇಲುವ, ರಾತ್ರಿ ತೆಳುವಾಗುವ ಕಂದು ಲೋಳೆ ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿಯಾಗಿರಬಹುದು. ಇದನ್ನು ಉಳಿದವುಗಳಿಂದ ಬೇರೆಯಾಗಿಯೇ ನೋಡಬೇಕು, ಏಕೆಂದರೆ ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗಿಳಿದ ತೊಟ್ಟಿಗಳಲ್ಲೇ ಇದು ಹೆಚ್ಚಾಗಿ ಹಬ್ಬುತ್ತದೆ. ಇಲ್ಲಿ ಪೋಷಕಾಂಶವನ್ನು ಇನ್ನಷ್ಟು ಇಳಿಸಲು ಹೊರಟರೆ ಕಾಟ ಹೆಚ್ಚುತ್ತದೆ.

ಇನ್ನು ಎಲ್ಲರಿಗೂ ಪರಿಚಿತವಾದ ಹಸಿರು ಕೂದಲು ಪಾಚಿ. ಇದಕ್ಕೆ ತೊಟ್ಟಿಗೆ ಸುರಿಯುವ ನೀರಿನಿಂದಲೇ ತಪಾಸಣೆ ಶುರುವಾಗಬೇಕು. ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ನೈಟ್ರೇಟ್ ಇರುತ್ತದೆ; ನಲ್ಲಿನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಅಡುಗೆಮನೆಯ ಆರ್‌ಒ ಯಂತ್ರವಿದ್ದರೆ ಸಾಕೆಂದು ನಂಬುವುದು ತಪ್ಪು: ಕುಡಿಯಲು ರುಚಿಯಿರಲೆಂದು ಅಂಥ ಎಷ್ಟೋ ಯಂತ್ರಗಳು ಶುದ್ಧವಾದ ನೀರಿಗೆ ಲವಣವನ್ನು ಮತ್ತೆ ಸೇರಿಸುತ್ತವೆ. ಆರ್‌ಒ ನಂತರ, ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಹಾದುಬಂದ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರಿಗೇ ಉಪ್ಪು ಬೆರೆಸಿ. ಆವಿಯಾದ ಅಳತೆಯನ್ನು ತುಂಬಲೂ ಅದೇ ನೀರನ್ನು, ಉಪ್ಪಿಲ್ಲದೆ, ಬಳಸಿ.

ನಂತರ ಕೈಯಿಂದ ಕೀಳುವ ಕೆಲಸ, ಇದಕ್ಕೆ ಬದಲಿಯಿಲ್ಲ. ನೀರು ಬದಲಿಸುವ ದಿನ ಪಂಪುಗಳನ್ನು ನಿಲ್ಲಿಸಿ, ಒಂದು ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್, ಇನ್ನೊಂದರಲ್ಲಿ ಸೈಫನ್ ಪೈಪಿನ ತುದಿ ಹಿಡಿದು, ಪಾಚಿಯ ಗೊಂಚಲನ್ನು ಬುಡದಿಂದ ಉಜ್ಜುತ್ತಿದ್ದಂತೆಯೇ ಪೈಪು ಅದನ್ನು ಎಳೆದುಕೊಳ್ಳುವಂತೆ ಮಾಡಿ. ತೇಲಿಹೋದ ಒಂದು ತುಣುಕೂ ಬೇರೆ ಕಲ್ಲಿನಲ್ಲಿ ಬೇರೂರಬಲ್ಲದು. ಗಾಜಿನ ಗೋಲಿಯಂತಿರುವ ಗುಳ್ಳೆಪಾಚಿಯನ್ನು ಒಡೆಯದೆ ಬಿಡಿಸಬೇಕು. ಎತ್ತಬಹುದಾದ ಕಲ್ಲನ್ನು ಹೊರತೆಗೆದು, ಬಕೆಟ್ಟಿನಲ್ಲಿಟ್ಟ ತೊಟ್ಟಿಯ ನೀರಿನಲ್ಲೇ ಉಜ್ಜಿ ತೊಳೆದು ಹಿಂದಿಡುವುದು ಇನ್ನೂ ಮೇಲು.

ಹೀಗೆ ಪಾಚಿ ಗಿಡ್ಡವಾದ ಮೇಲಷ್ಟೇ ಮೇಯುವ ಜೀವಿಗಳನ್ನು ಬಿಡಿ. ಉದ್ದಕ್ಕೆ ಬೆಳೆದ ಪಾಚಿಯನ್ನು ಬಸವನಹುಳುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಟ್ರೋಕಸ್ ಬಸವನಹುಳು ಮಗುಚಿಬಿದ್ದರೂ ತಾನೇ ಹೊರಳಿಕೊಳ್ಳುವುದರಿಂದ ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ. ಟ್ಯಾಂಗ್ ಜಾತಿಯ ಮೀನು ಚೆನ್ನಾಗಿ ಮೇಯುತ್ತದೆಯಾದರೂ ಪುಟ್ಟ ತೊಟ್ಟಿಯಲ್ಲಿ ಅದನ್ನು ಕೂಡಿಹಾಕುವುದು ಆ ಜೀವಕ್ಕೆ ಹಿಂಸೆ.

ಮೀನಿಗೆ ಹಾಕುವ ಆಹಾರವೂ ಕೊನೆಗೆ ಪಾಚಿಗೇ ಸೇರುತ್ತದೆ. ಫ್ರೋಜನ್ ಸಿಗಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಕರಗಿಸಿ, ಆ ರಸವನ್ನು ಚೆಲ್ಲಿ, ತಿರುಳನ್ನು ಮಾತ್ರ ಹಾಕಿ. ದೀಪ ದಿನಕ್ಕೆ ಎಂಟರಿಂದ ಹತ್ತು ಗಂಟೆ ಉರಿದರೆ ಸಾಕು. ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್‌ನ ಬಟ್ಟಲನ್ನು ತಪ್ಪದೆ ತೊಳೆಯಿರಿ. ತೊಟ್ಟಿಯ ಕೆಳಗೆ ಜೋಡಿಸಿದ ಸಂಪಿನಲ್ಲಿ (ನೀರು ಹರಿದುಬರುವ ಪುಟ್ಟ ತೊಟ್ಟಿ) ಜಾಗವಿದ್ದರೆ, ಪೋಷಕಾಂಶ ಹೀರಿಕೊಳ್ಳಲೆಂದೇ ಕೀಟೊಮಾರ್ಫಾ ಪಾಚಿ ಬೆಳೆಸಿ, ರಾತ್ರಿ ಅದಕ್ಕೆ ದೀಪ ಹಾಕಿ, ಬೆಳೆದಷ್ಟನ್ನು ಆಗಾಗ ಕತ್ತರಿಸಿ ಎಸೆಯಿರಿ.

ನೈಟ್ರೇಟ್ 2ರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಹವಳಕ್ಕೆ ಹಿತ. ತೊಟ್ಟಿಯ ತುಂಬ ಹಸಿರು ಕೂದಲು ಪಾಚಿಯಿದ್ದೂ ನೀರು ಪರೀಕ್ಷಿಸುವ ಕಿಟ್ ಸೊನ್ನೆ ತೋರಿಸಿದರೆ ಅದನ್ನು ನಂಬಬೇಡಿ. ನೀರಿಗೆ ಬಂದದ್ದನ್ನು ಪಾಚಿ ಆಗಲೇ ಹೀರಿರುತ್ತದೆ. ಮೇಲಿನ ಎಲ್ಲವೂ ಆದ ಮೇಲೂ ಫಾಸ್ಫೇಟ್ ಇಳಿಯದಿದ್ದರೆ ಮಾತ್ರ ಅದನ್ನು ಹಿಡಿದಿಡುವ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು, ಪೊಟ್ಟಣದ ಮೇಲೆ ಬರೆದ ಅಳತೆಯ ಅರ್ಧದಿಂದ, ಆರಂಭಿಸಿ. ಹಳೆಯ ಕಲ್ಲುಗಳು ತಮ್ಮೊಳಗಿನ ಫಾಸ್ಫೇಟನ್ನು ವಾರಗಟ್ಟಲೆ ಬಿಡುತ್ತಲೇ ಇರುವುದರಿಂದ ಅವಸರ ಬೇಡ; ಮಟ್ಟ ಥಟ್ಟನೆ ಕುಸಿದರೆ ಹವಳದ ಅಂಗಾಂಶವೇ ಕಳಚಬಹುದು. ವಾರಕ್ಕೆರಡು ಸಲ ಅಳೆದು ಬರೆದಿಡಿ, ಹವಳದ ಬಣ್ಣ ಮಾಸುತ್ತಿದೆ ಎನಿಸಿದ ದಿನವೇ ಹರಳನ್ನು ಹೊರತೆಗೆಯಿರಿ.