ಹುಳಿ ಇರುವಾಗಲೇ ಕೊಯ್ಯಬೇಕು: ನೊರೆಯುಕ್ಕುವ ವೈನ್ ತಯಾರಾಗುವ ಬಗೆ

ಸಂಕ್ರಾಂತಿ ಕಳೆದ ಮೇಲೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಹೋದರೆ ದ್ರಾಕ್ಷಿ ತೋಟಗಳಲ್ಲಿ ಒಂದೇ ಪ್ರಶ್ನೆ: ‘ಬ್ರಿಕ್ಸ್ ಎಷ್ಟು ಬಂದಿದೆ?’ ಹಣ್ಣಿನ ರಸದ ಒಂದು ಹನಿಯನ್ನು ಕೈಮೀಟರಿನ ಗಾಜಿಗೆ ಬಿಟ್ಟು, ಬೆಳಕಿಗೆ ಹಿಡಿದು ಸಕ್ಕರೆ ಅಂಶ ನೋಡುತ್ತಾರೆ. ಒಣದ್ರಾಕ್ಷಿ ಮಾಡುವವರು 20 ದಾಟಿದರೂ ಇನ್ನಷ್ಟು ದಿನ ಕಾಯುತ್ತಾರೆ. ಸಿಹಿ ಕಡಿಮೆ ಇದ್ದರೆ ಶೆಡ್ಡಿನಲ್ಲಿ ಒಣಗಿದ ಮೇಲೆ ತೂಕ ಬರುವುದಿಲ್ಲ. ಈ ಲೆಕ್ಕವನ್ನೇ ಕೇಳುತ್ತ ಬೆಳೆದವಳು ನಾನು. ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್‌ಗೆ ಹಣ್ಣನ್ನು 18–19 ಬ್ರಿಕ್ಸ್‌ನಲ್ಲೇ, ಹಲ್ಲು ಜುಮ್ಮೆನ್ನುವಷ್ಟು ಹುಳಿ ಇರುವಾಗಲೇ ಕೊಯ್ಯುತ್ತಾರೆಂದು ಮೊದಲ ಸಲ ಕೇಳಿದಾಗ ನಂಬಲಾಗಲಿಲ್ಲ. ಆದರೆ ಈ ವೈನ್‌ನ ಗುಟ್ಟೆಲ್ಲ ಆ ಹುಳಿಯಲ್ಲಿಯೇ ಇದೆ.

ಕಾರಣ ಸರಳ. ಈ ವೈನ್ ಎರಡು ಸಲ ಹುದುಗುತ್ತದೆ, ಎರಡು ಸಲವೂ ಮದ್ಯಾಂಶ ಏರುತ್ತದೆ. ಮೊದಲೇ ಸಿಹಿ ತುಂಬಿದ ಹಣ್ಣಾದರೆ ಕೊನೆಗೆ ವೈನ್ ಭಾರವಾಗಿ, ಮಂಕಾಗಿ ಬಿಡುತ್ತದೆ. ನಾಲಿಗೆಗೆ ತಾಜಾತನ ಕೊಡುವುದು ಹುಳಿ. ರಾತ್ರಿಯೂ ಸೆಕೆ ಇರುವ ಕಡೆ ಹಣ್ಣಿನ ಹುಳಿ ಬೇಗ ಕರಗಿಹೋಗುತ್ತದೆ. ಫ್ರಾನ್ಸಿನ ಶಾಂಪೇನ್ ಪ್ರದೇಶ ಈ ವೈನ್‌ಗೆ ಹೆಸರಾದದ್ದರಲ್ಲಿ ಅಲ್ಲಿನ ಚಳಿಯ ಪಾಲು ದೊಡ್ಡದು. ನಮ್ಮ ದೇಶದಲ್ಲಿ ನಾಸಿಕ್ ಸುತ್ತಮುತ್ತ ಚಳಿಗಾಲದ ಕೊಯ್ಲನ್ನು ನೆಚ್ಚಿ ಶೆನಿನ್ ಬ್ಲಾಂಕ್‌ನಂಥ ಹುಳಿ ಉಳಿಸಿಕೊಳ್ಳುವ ತಳಿಗಳಿಂದ ಇದನ್ನು ತಯಾರಿಸುತ್ತಾರೆ. ನಮ್ಮಲ್ಲಿ ಹೆಚ್ಚಾಗಿರುವ ಥಾಮ್ಸನ್ ಸೀಡ್‌ಲೆಸ್ ತಿನ್ನಲು, ಒಣಗಿಸಲು ಬಹಳ ಒಳ್ಳೆಯದು, ಆದರೆ ಅದರ ವೈನ್‌ಗೆ ಘಮ ಸಾಲದು. ಅಕ್ಟೋಬರ್ ಚಾಟ್ನಿಯ (ಬಳ್ಳಿ ಕತ್ತರಿಸುವ) ದಿನಾಂಕವನ್ನು ನಿಖರವಾಗಿ ಲೆಕ್ಕಹಾಕುವ ನಮ್ಮ ರೈತರಿಗೆ ತಳಿಯೊಂದು ಒದಗಿದರೆ ಕೊಯ್ಲಿನ ದಿನ ಗುರುತಿಸುವುದು ಕಷ್ಟವಾಗಲಾರದು ಎಂದು ನನಗೆ ದೃಢವಾಗಿ ಅನಿಸುತ್ತದೆ.

ಮೊದಲು ರಸ, ಆಮೇಲೆ ಮೂಲ ವೈನ್

ಗೊಂಚಲನ್ನು ಬಿಡಿಸದೆ ಇಡಿಯಾಗಿಯೇ ಮೆಲ್ಲಗೆ ಹಿಂಡುತ್ತಾರೆ. ಜೋರಾಗಿ ಒತ್ತಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಶಾಂಪೇನ್‌ನಲ್ಲಿ 4,000 ಕಿಲೊ ಹಣ್ಣಿನಿಂದ 2,550 ಲೀಟರ್‌ಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಅಲ್ಲಿನ ಪಿನೊ ನೊಯಾರ್ ಕಪ್ಪು ದ್ರಾಕ್ಷಿ. ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಬೇಗ ಹಿಂಡಿದರೆ ತಿಳಿಯಾದ ರಸವೇ ಬರುತ್ತದೆ. ಯೀಸ್ಟ್ ಸೇರಿಸಿ ಹುದುಗಿಸಿದಾಗ ಸುಮಾರು 10–11 ಶೇಕಡಾ ಮದ್ಯಾಂಶದ, ಗುಳ್ಳೆಯಿಲ್ಲದ ಹುಳಿ ವೈನ್ ಸಿಗುತ್ತದೆ. ಹಾಗೇ ಕುಡಿದರೆ ಮುಖ ಕಿವುಚಬೇಕು. ಬೇರೆ ಬೇರೆ ತೋಟಗಳ, ಬೇರೆ ಬೇರೆ ವರ್ಷಗಳ ಇಂಥ ವೈನ್‌ಗಳನ್ನು ರುಚಿ ನೋಡಿ ಬೆರೆಸುವುದು ನುರಿತವರ ಕೆಲಸ.

ಬಾಟಲಿಯೊಳಗಿನ ಎರಡನೇ ಹುದುಗು

ಗೋಲಿಸೋಡಾಕ್ಕೆ ಗ್ಯಾಸನ್ನು ಹೊರಗಿನಿಂದ ತುಂಬುತ್ತಾರೆ. ಇಲ್ಲಿ ಗ್ಯಾಸ್ ಒಳಗೇ ಹುಟ್ಟುತ್ತದೆ. ಮೂಲ ವೈನ್‌ಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಬೆರೆಸಿ, ದಪ್ಪ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದೆ ಅದು ವೈನ್‌ನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಸುಮಾರು 6 ವಾಯುಭಾರಕ್ಕೆ ಏರುತ್ತದೆ, ಅಂದರೆ ಕಾರಿನ ಚಕ್ರದಲ್ಲಿರುವುದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಸಾಮಾನ್ಯ ಬಾಟಲಿ ಸಿಡಿದರೆ ಕಣ್ಣಿಗೇ ಅಪಾಯ, ಅಬಕಾರಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧವೂ ಹೌದು.

ಈ ವೈನ್ ಕಂಡುಹಿಡಿದದ್ದು ಡೊಮ್ ಪೆರಿನ್ಯೊ ಎಂಬ ಸನ್ಯಾಸಿ ಎನ್ನುವ ಕತೆ ಎಲ್ಲೆಡೆ ಓಡಾಡುತ್ತದೆ. ಅದು ಸರಿಯಲ್ಲ. ಅವರು 1668ರಲ್ಲಿ ಓವಿಲಿಯೆ ಮಠದ ಉಗ್ರಾಣದ ಹೊಣೆ ಹೊರುವ ಮೊದಲೇ, 1662ರಲ್ಲಿ, ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ ಸಕ್ಕರೆ ಸೇರಿಸಿ ವೈನ್‌ಗೆ ನೊರೆ ತರುವ ರೂಢಿಯನ್ನು ರಾಯಲ್ ಸೊಸೈಟಿಗೆ ವಿವರಿಸಿದ್ದರು. ಪೆರಿನ್ಯೊ ಅವರ ನಿಜವಾದ ಸಾಧನೆ ದ್ರಾಕ್ಷಿಯ ಆಯ್ಕೆ ಮತ್ತು ಬೆರಕೆಯ ಜಾಣ್ಮೆ.

ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸತ್ತು ತಳದಲ್ಲಿ ಗಸಿಯಾಗಿ ಕೂರುತ್ತದೆ. ಅದನ್ನು ಕೂಡಲೇ ತೆಗೆಯುವುದಿಲ್ಲ. ಶಾಂಪೇನ್‌ನಲ್ಲಿ ಕನಿಷ್ಠ 12 ತಿಂಗಳು ಗಸಿಯ ಮೇಲೆಯೇ ಇಡಬೇಕು, ಒಟ್ಟು 15 ತಿಂಗಳು ತುಂಬುವವರೆಗೆ ಮಾರುವಂತಿಲ್ಲ. ಸ್ಪೇನಿನ ಕಾವಾಕ್ಕೆ 9 ತಿಂಗಳು ಸಾಕು. ಸತ್ತ ಯೀಸ್ಟ್ ನಿಧಾನವಾಗಿ ಕರಗುತ್ತ ವೈನ್‌ಗೆ ಬ್ರೆಡ್ಡಿನ ಘಮವನ್ನೂ ಬಾಯಿ ತುಂಬುವ ನುಣುಪನ್ನೂ ಕೊಡುತ್ತದೆ. ಬೆಳಗಿನ ಜಾವ ಬೇಕರಿಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುವ ವಾಸನೆಯನ್ನು ನೆನಪಿಸಿಕೊಳ್ಳಿ.

ಗಸಿ ಹೊರತೆಗೆಯುವುದು

ಗ್ಯಾಸ್ ಕಳೆದುಕೊಳ್ಳದೆ ಗಸಿಯನ್ನು ಮಾತ್ರ ತೆಗೆಯುವುದು ಹೇಗೆ? ಬಾಟಲಿಗಳನ್ನು ತೂತುಗಳಿರುವ ಹಲಗೆಯಲ್ಲಿ ಓರೆಯಾಗಿ ಸಿಕ್ಕಿಸಿ, ದಿನವೂ ಸ್ವಲ್ಪ ತಿರುಗಿಸುತ್ತ, ಸ್ವಲ್ಪಸ್ವಲ್ಪವೇ ತಲೆಕೆಳಗು ಮಾಡುತ್ತಾರೆ. ಕೈಯಿಂದಾದರೆ ಒಂದೂವರೆ–ಎರಡು ತಿಂಗಳು, ಯಂತ್ರದಿಂದಾದರೆ ಸುಮಾರು ಒಂದು ವಾರ. 19ನೇ ಶತಮಾನದ ಆರಂಭದಲ್ಲಿ, ಗಂಡನನ್ನು ಕಳೆದುಕೊಂಡು ವ್ಯಾಪಾರ ಕೈಗೆತ್ತಿಕೊಂಡಿದ್ದ ಮದಾಮ್ ಕ್ಲಿಕೊ ಅವರ ನೆಲಮಾಳಿಗೆಯಲ್ಲಿ ಈ ಕ್ರಮ ರೂಪುಗೊಂಡಿತು. ಗಸಿಯೆಲ್ಲ ಬಾಯಿಗೆ ಇಳಿದ ಮೇಲೆ ಬಾಟಲಿಯ ಕುತ್ತಿಗೆಯನ್ನು ಅತಿ ತಣ್ಣನೆಯ ಉಪ್ಪುದ್ರಾವಣದಲ್ಲಿ ಅದ್ದುತ್ತಾರೆ. ಮುಚ್ಚಳ ತೆಗೆದೊಡನೆ ಹೆಪ್ಪುಗಟ್ಟಿದ ಗಸಿ ಒಳಗಿನ ಒತ್ತಡಕ್ಕೆ ಸಿಡಿದು ಹೊರಬೀಳುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನ್ ಮತ್ತು ಸಕ್ಕರೆಯ ಮಿಶ್ರಣ ತುಂಬಿ ಬಿರಡೆ ಹಾಕಿ ತಂತಿ ಬಿಗಿಯುತ್ತಾರೆ.

ಲೇಬಲ್ಲಿನ ಮೇಲಿನ ಮಾತು ಈ ಸಕ್ಕರೆಯನ್ನೇ ಹೇಳುತ್ತದೆ. ‘ಬ್ರೂಟ್’ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ. ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ 12ರಿಂದ 17 ಗ್ರಾಂ, ಹೆಸರು ಕೇಳಿ ಮೋಸಹೋಗಬೇಡಿ, ಅದು ಬ್ರೂಟ್‌ಗಿಂತ ಸಿಹಿ. ‘ಡೆಮಿ ಸೆಕ್’ ಆದರೆ 32ರಿಂದ 50 ಗ್ರಾಂ.

ಇಟಲಿಯ ಪ್ರೊಸೆಕ್ಕೊ ಸಾಮಾನ್ಯವಾಗಿ ಇಷ್ಟೆಲ್ಲ ಹಾದಿ ಸವೆಸುವುದಿಲ್ಲ. ಅದರ ಎರಡನೇ ಹುದುಗು ಮುಚ್ಚಿದ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಆಗುತ್ತದೆ. ಬೇಗ, ಅಗ್ಗ. ಸೇಬು, ಬಿಳಿ ಹೂವಿನ ಎಳೆಯ ಘಮ ಕೆಡದೆ ಉಳಿಯುತ್ತದೆ.

ತೆರೆಯುವುದು, ಸವಿಯುವುದು

8–10 ಡಿಗ್ರಿಗೆ ತಣ್ಣಗೆ ಮಾಡಿ. ಬೆಚ್ಚಗಿದ್ದರೆ ನೊರೆ ಉಕ್ಕಿ ಅರ್ಧ ವೈನ್ ನೆಲದ ಪಾಲಾಗುತ್ತದೆ. ತಂತಿ ಸಡಿಲಿಸುವಾಗ ಹೆಬ್ಬೆರಳು ಬಿರಡೆಯ ಮೇಲೆಯೇ ಇರಲಿ, ಬಾಟಲಿಯನ್ನು ಯಾರ ಮುಖಕ್ಕೂ ಹಿಡಿಯಬೇಡಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ‘ಟಪ್’ ಎಂದು ಹಾರಿಸುವುದಕ್ಕಿಂತ ನಿಟ್ಟುಸಿರಿನಂತೆ ಬಿಚ್ಚಿಕೊಳ್ಳುವುದು ಒಳ್ಳೆಯದು, ಗ್ಯಾಸ್ ಒಳಗೇ ಉಳಿಯುತ್ತದೆ. ಲೋಟ ಮೊಗ್ಗಿನ ಆಕಾರದ್ದಿರಲಿ, ಅಗಲ ಬಾಯಿಯದರಲ್ಲಿ ಘಮ ಚದುರಿಹೋಗುತ್ತದೆ.

ಮೊದಲ ಗುಟುಕಿನಲ್ಲಿ ಇಂಡಿ ತಾಲ್ಲೂಕಿನ ಲಿಂಬೆಯ ಸಿಪ್ಪೆ ಗೀರಿದಂಥ ಚುರುಕು, ಹಸಿರು ಸೇಬಿನ ಹುಳಿ. ನುಂಗಿದ ಮೇಲೆ ಗಸಿಯ ಮೇಲೆ ಮಾಗಿದ್ದಾದರೆ ಬ್ರೆಡ್, ಬಾದಾಮಿಯ ಸುಳಿವು ಉಳಿಯುತ್ತದೆ. ಬ್ರೂಟ್ ಜೊತೆ ಉಪ್ಪು ಹಚ್ಚಿ ಹುರಿದ ಶೇಂಗಾ ಚೆನ್ನಾಗಿ ಹೊಂದುತ್ತದೆ, ಹುಳಿ ಮತ್ತು ಗುಳ್ಳೆ ಎಣ್ಣೆಯ ಜಿಡ್ಡನ್ನು ತೊಳೆದುಬಿಡುತ್ತವೆ. ಮಿರ್ಚಿ ಭಜಿಗೆ ಮಾತ್ರ ಬ್ರೂಟ್ ಬೇಡ, ಗುಳ್ಳೆಗಳು ಖಾರವನ್ನು ಇನ್ನಷ್ಟು ಉರಿಸುತ್ತವೆ. ತುಸು ಸಿಹಿಯಿರುವ ಎಕ್ಸ್‌ಟ್ರಾ ಡ್ರೈ ಇರಲಿ. ಶೇಂಗಾ ಹೋಳಿಗೆಯ ಮುಂದೆ ಡೆಮಿ ಸೆಕ್ ಒಂದೇ ನಿಲ್ಲಬಲ್ಲದು, ಉಳಿದವೆಲ್ಲ ಬರೀ ಹುಳಿ ಎನಿಸಿಬಿಡುತ್ತವೆ.